ಮದ್ದಳೆ ಗುಮ್ಮೆನ್ನುವುದು ಟೇಪಿನಲ್ಲೋ, ಹೆಡ್‌ಫೋನಿನಲ್ಲೋ?

ಕುಮಟಾ, ಹೊನ್ನಾವರ, ಭಟ್ಕಳದ ಕಡೆಯ ಅನೇಕ ಮನೆಗಳ ಕಪಾಟಿನಲ್ಲಿ ಯಕ್ಷಗಾನದ ಹಳೆಯ ಕ್ಯಾಸೆಟ್ಟುಗಳು ಇಂದಿಗೂ ಉಳಿದುಕೊಂಡಿವೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ನಾಡು ಇದು. ಕಡತೋಕಾ ಮಂಜುನಾಥ ಭಾಗವತರ, ನೆಬ್ಬೂರು ನಾರಾಯಣ ಭಾಗವತರ ಕಂಠವನ್ನು ಕೇಳುತ್ತ ಬೆಳೆದವರ ನಾಡು. ಕೊಲ್ಲಿ ದೇಶಗಳಿಗೆ ದುಡಿಯಹೋದವರು ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರನ್ನು ಹೊತ್ತು ತರುತ್ತಿದ್ದ ಕಾಲದಲ್ಲಿ, ರಂಗಸ್ಥಳದ ಪಕ್ಕದಲ್ಲಿಯೋ ತಾಳಮದ್ದಳೆಯ ಜಗುಲಿಯಲ್ಲಿಯೋ ಕುಳಿತು, ಅಭಿಮಾನಿಗಳು ನಿದ್ದೆಗೆಟ್ಟು ಹಿಡಿದಿಟ್ಟ ಧ್ವನಿಗಳಿವು. ಈಗ ಅವರ ಮಕ್ಕಳು ಮೊಮ್ಮಕ್ಕಳು ಅವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಪುಣ್ಯದ ಕೆಲಸವೇ ಸರಿ. ಆದರೆ ಇಳಿಸಿದ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಿ, “ಮದ್ದಳೆ ಬಹಳ ಗುಮ್ಮೆನ್ನುತ್ತದೆ, ತಗ್ಗಿಸೋಣ” ಎಂದು ಕತ್ತರಿ ಹಾಕುವ ಮೊದಲು ವಾಚಕರು ಕೊಂಚ ತಡೆಯಬೇಕು. ಆ ಗುಮ್ಮು ಟೇಪಿನಲ್ಲಿ ಇಲ್ಲದೆಯೇ ಇರಬಹುದು. ಇಲ್ಲದ ದೋಷವನ್ನು ತಿದ್ದಿ ಮೂಲ ಟೇಪನ್ನು ಎಸೆದವನ ಮನೆಯಲ್ಲಿ ಆ ಮದ್ದಳೆ ಮತ್ತೆ ನುಡಿಯಲಾರದು.

ನಮ್ಮ ಕಿವಿಗೆ ಬೀಳುವುದು ಹೆಡ್‌ಫೋನ್ ಒಂದರ ನುಡಿಯಲ್ಲ. ಅದೂ ಅದನ್ನು ನುಡಿಸುವ ಆಂಪ್ಲಿಫೈಯರೂ ಕೂಡಿ ಆಡುವ ಮಾತು. ಆಂಪ್ಲಿಫೈಯರನ್ನು ಇಲ್ಲಿ ವರ್ಧಕವೆಂದೇ ಕರೆಯೋಣ. ಹೆಡ್‌ಫೋನಿನೊಳಗೆ ತೆಳುವಾದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ತೂಗುತ್ತಿರುತ್ತದೆ. ವಿದ್ಯುತ್ತು ಹರಿದಾಗ ಸುರುಳಿ ಅಲುಗುತ್ತದೆ, ಅದಕ್ಕೆ ಅಂಟಿದ ಪೊರೆ ಗಾಳಿಯನ್ನು ಅಲುಗಿಸುತ್ತದೆ. ಈ ಸುರುಳಿ ವಿದ್ಯುತ್ತಿಗೆ ಒಡ್ಡುವ ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಹೆಡ್‌ಫೋನು 32, 80, 250 ಓಮ್ ಎಂಬ ಮೂರು ಬಗೆಗಳಲ್ಲಿ ಬಂದಿದೆ. ಒಂದು ಮಿಲಿವಾಟ್ ಶಕ್ತಿ ಕೊಟ್ಟರೆ ಸುಮಾರು 96 ಡೆಸಿಬಲ್ ಸದ್ದು ಹೊರಡುತ್ತದೆ. ಭಾಗವತರ ಪದ ಹಿತವಾದ ಮಟ್ಟದಲ್ಲಿ ಕೇಳುತ್ತಿರುವಾಗಲೇ ಚಂಡೆಯ ಪೆಟ್ಟು ಕ್ಷಣಮಾತ್ರ 110 ಡೆಸಿಬಲ್‌ಗೆ ಜಿಗಿಯಬೇಕೆನ್ನಿ. ಅದಕ್ಕೆ 25 ಮಿಲಿವಾಟ್ ಬೇಕು. ಈ ಶಕ್ತಿಯನ್ನು 250 ಓಮಿನದು 2.5 ವೋಲ್ಟ್ ಒತ್ತಡದಲ್ಲಿ, 10 ಮಿಲಿಆಂಪಿಯರ್ ಪ್ರವಾಹದಲ್ಲಿ ಕೇಳುತ್ತದೆ. 32 ಓಮಿನದಕ್ಕೆ 0.9 ವೋಲ್ಟ್ ಸಾಕು, ಆದರೆ ಪ್ರವಾಹ 28 ಮಿಲಿಆಂಪಿಯರ್ ಆಗಬೇಕು. ಒಂದಕ್ಕೆ ಒತ್ತಡದ ಹಸಿವು, ಇನ್ನೊಂದಕ್ಕೆ ಪ್ರವಾಹದ ಹಸಿವು. ಒಂದು ವೋಲ್ಟಿನಷ್ಟೇ ಹೊರಡಿಸಬಲ್ಲ ಮೊಬೈಲಿನ ಪುಟ್ಟ ವರ್ಧಕಕ್ಕೆ 250 ಓಮಿನದನ್ನು ಜೋಡಿಸಿದರೆ ಬೇಕಾದುದಕ್ಕಿಂತ 8 ಡೆಸಿಬಲ್ ಕಡಿಮೆಯಾಗುತ್ತದೆ. ಆಗ ಕೇಳುಗನು ಕಂಪ್ಯೂಟರಿನಲ್ಲಿ ಸದ್ದನ್ನು ಏರಿಸುತ್ತಾನೆ. ವರ್ಧಕ ತನ್ನ ಮಿತಿಯನ್ನು ಮುಟ್ಟಿ ಅಲೆಯ ತಲೆಯನ್ನು ಕತ್ತರಿಸುತ್ತದೆ. ಚಂಡೆಯ ಪೆಟ್ಟು ಮೊಂಡಾಗುತ್ತದೆ. ಬೈಗುಳ ಮಾತ್ರ ಅಂದು ಮೈಕು ಹಿಡಿದವನಿಗೆ!

ಶಕ್ತಿಯ ಕೊರತೆ ಹೇಗೂ ಬೇಗನೆ ತಿಳಿದುಬಿಡುತ್ತದೆ. ತಿಳಿಯದೆ ಮೋಸಮಾಡುವುದು ವರ್ಧಕದ ಸ್ವಂತ ತಡೆ. ಹಳೆಯ ಸ್ಟೀರಿಯೊ ಪೆಟ್ಟಿಗೆಗಳಲ್ಲಿ ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ನೂರಾರು ಓಮಿನ ರೋಧಕದ ಮೂಲಕ ಹೆಡ್‌ಫೋನಿನ ತೂತಿಗೆ ಬಿಡುವ ಪದ್ಧತಿಯಿತ್ತು. 1996ರ ಅಂತರರಾಷ್ಟ್ರೀಯ ಮಾನಕವೊಂದು ಕೂಡ 120 ಓಮನ್ನು ಸೂಚಿಸಿತ್ತು. ಸೆನ್‌ಹೈಸರ್ ಕಂಪನಿ 1968ರಲ್ಲಿ ತಂದ ಎಚ್‌ಡಿ 414ರ ಇಂಪೀಡೆನ್ಸ್ 2000 ಓಮ್. ಅಂಥದ್ದಕ್ಕೆ 120 ಓಮ್ ಯಾವ ಲೆಕ್ಕ? ಆದರೆ ಇಂದಿನ 32 ಓಮಿನದಕ್ಕೆ ಅದು ದೊಡ್ಡ ಗೋಡೆ.

ಸುರುಳಿಯ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ತಗ್ಗಿನ ಸ್ವರಗಳಲ್ಲಿ, ಹಲವು ವೇಳೆ 100 ಹರ್ಟ್ಸ್‌ನ ಆಸುಪಾಸಿನಲ್ಲಿ, ಅದು ಗುಡ್ಡದಂತೆ ಏರುತ್ತದೆ. 32 ಓಮಿನದು ಅಲ್ಲಿ 64ಕ್ಕೆ ಏರಿತೆನ್ನಿ. ವರ್ಧಕದ ತಡೆ 2 ಓಮ್ ಆಗಿದ್ದರೆ ಆ ಸ್ವರಗಳು ಉಳಿದವುಗಳಿಗಿಂತ ಕಾಲು ಡೆಸಿಬಲ್ ಮಾತ್ರ ಉಬ್ಬುತ್ತವೆ. ಕಿವಿಗೆ ಅದು ತಿಳಿಯದು. ತಡೆ 120 ಓಮ್ ಆಗಿದ್ದರೆ ಉಬ್ಬು 4 ಡೆಸಿಬಲನ್ನು ಮೀರುತ್ತದೆ. ಮದ್ದಳೆಯ ಗುಮ್ಮು ಹುಟ್ಟುವುದು ಇಲ್ಲಿಯೇ!

ಆದುದರಿಂದ ವರ್ಧಕದ ತಡೆ ಹೆಡ್‌ಫೋನಿನ ತಡೆಯ ಎಂಟರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ಲೆಕ್ಕ. 32 ಓಮಿಗೆ 4, 250 ಓಮಿಗೆ 31. ಚಪ್ಪಟೆ ಪೊರೆಯ ಪ್ಲೇನಾರ್ ಬಗೆಯವುಗಳಿಗೆ ಈ ಬಾಧೆಯಿಲ್ಲ. ಅವುಗಳ ತಡೆ ಬಹುಮಟ್ಟಿಗೆ ಸಮನಾಗಿರುತ್ತದೆ.

ವರ್ಧಕದ ಕೈಪಿಡಿಯಲ್ಲಿ ಈ ಅಂಕಿ ಇಲ್ಲದಿದ್ದರೆ ಮನೆಯಲ್ಲೇ ಅಳೆಯಬಹುದು. ಕಂಪ್ಯೂಟರಿನಿಂದ 100 ಹರ್ಟ್ಸ್‌ನ ಏಕಸ್ವರವೊಂದನ್ನು ಮೆಲ್ಲಗೆ ನುಡಿಸಿ, ಹೆಡ್‌ಫೋನಿಲ್ಲದ ತೂತಿನಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟ್ ನೋಡಿರಿ. ಬಳಿಕ 33 ಓಮಿನ ರೋಧಕವೊಂದನ್ನು ಅಡ್ಡಲಾಗಿ ಜೋಡಿಸಿ ಮತ್ತೆ ನೋಡಿರಿ. ವೋಲ್ಟ್ ಅರ್ಧಕ್ಕಿಳಿದರೆ ವರ್ಧಕದ ತಡೆಯೂ 33 ಓಮ್ ಎಂದರ್ಥ. ಇಳಿದುದು ಅತ್ಯಲ್ಪವಾದರೆ ನಿಶ್ಚಿಂತೆ.

ಟೇಪಿನ ಹಿಸ್ಸೆಂಬ ಸದ್ದನ್ನು ಅಳಿಸುವ ಮುನ್ನವೂ ಒಂದು ಪರೀಕ್ಷೆಯುಂಟು. ವರ್ಧಕದ ಗುಂಡಿಯನ್ನು ಮುಟ್ಟದೆ ಧ್ವನಿಯನ್ನು ಮಾತ್ರ ನಿಲ್ಲಿಸಿರಿ. ಆಗಲೂ ಹಿಸ್ಸು ಉಳಿದರೆ ಅದು ವರ್ಧಕದ್ದು. ಅತಿ ಸೂಕ್ಷ್ಮವಾದ ಇಯರ್‌ಫೋನನ್ನು ಅತಿ ಬಲವಾದ ವರ್ಧಕಕ್ಕೆ ತೊಡಿಸಿದಾಗ ಹೀಗಾಗುತ್ತದೆ.

ಮನೆಯಲ್ಲಿ ಹೊಸದಾಗಿ ಹಾಡಿ ಮುದ್ರಿಸುವವರಿಗೆ ಹಿಂಬದಿ ಮುಚ್ಚಿದ ಹೆಡ್‌ಫೋನೇ ತಕ್ಕುದು. ತೆರೆದ ಬಗೆಯದರಿಂದ ಶ್ರುತಿ ಸೋರಿ ಮೈಕಿಗೆ ಸೇರುತ್ತದೆ. ಕೊಂಕಣ ರೈಲಿನ ಸದ್ದಿಗೆ ಮಾತ್ರ ಯಾವ ಹೆಡ್‌ಫೋನೂ ಮದ್ದಲ್ಲ. ಅದು ದಾಟುವ ತನಕ ಕಾಯತಕ್ಕದ್ದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಪಿನ್ನು ಕಿಲುಬು ಹಿಡಿದು ಒಂದು ಕಿವಿ ಗರಗರ ಎನ್ನುವುದುಂಟು. ಒಣಬಟ್ಟೆಯಿಂದ ಒರೆಸಿ ನೋಡದೆ ಹೊಸದನ್ನು ಕೊಳ್ಳಬೇಡಿರಿ.

ಕಿವಿಯ ಮಾತನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನಕದಂತೆ ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಮಿತಿ. 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 89 ಡೆಸಿಬಲ್ ಎಂದರೆ ವಾರಕ್ಕೆ 5 ಗಂಟೆ, ಇಡೀ ರಾತ್ರಿಯ ಒಂದು ಆಟದಷ್ಟೂ ಅಲ್ಲ.

ಏನೇ ತಿದ್ದುವುದಿದ್ದರೂ, ಇಳಿಸಿದ ಮೊದಲ ಪ್ರತಿಯನ್ನು ಮುಟ್ಟದೆ 24 ಬಿಟ್‌ನ ವೇವ್ ಕಡತವಾಗಿ ಎರಡು ಕಡೆ ಇಟ್ಟುಕೊಳ್ಳಿರಿ. ಕತ್ತರಿ ಆಡುವುದೇನಿದ್ದರೂ ಮೂರನೆಯ ಪ್ರತಿಯ ಮೇಲೆ. ಬೂಸಲು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮೊದಲು ಮಾಡಬೇಕಾದ ಉಪಚಾರವನ್ನು ಮುಂದಿನ ವಾರ ನೋಡೋಣ.