ಅಂತರ್ಜಾಲದ ಸಂಗೀತೋತ್ಸವವೂ ಶಾಲೆಯ ಸಂಗೀತ ಶಿಕ್ಷಣವೂ

ಒಬ್ಬನೇ ಸಂಗೀತ ರಚನಕಾರನ ಹೆಸರಿನಲ್ಲಿ ಜನರು ಒಂದೆಡೆ ಕೂಡಿ, ಅವನ ಕೃತಿಗಳನ್ನೇ ಹಾಡಿ, ಕೇಳಿ, ನೆನೆಯುವ ಪದ್ಧತಿ ಅನೇಕ ದೇಶಗಳಲ್ಲಿದೆ. ಇಂತಹ ಉತ್ಸವಗಳಿಗೆ ಸ್ಥಳಮಹಿಮೆಯೇ ಜೀವಾಳವೆಂಬ ಭಾವನೆ ಬಹುಕಾಲದಿಂದ ಬೇರೂರಿತ್ತು. ರಚನಕಾರನು ಬಾಳಿದ ಊರು, ಅವನ ಸಮಾಧಿ, ಅವನ ಕಾಲದ ಕಟ್ಟಡ ಇವುಗಳ ಸಾನ್ನಿಧ್ಯವಿಲ್ಲದೆ ಉತ್ಸವವೆಲ್ಲಿಯದು? ಈ ಪ್ರಶ್ನೆಗೆ 2020ನೆಯ ಇಸವಿಯಲ್ಲಿ ಜರ್ಮನಿಯ ಲೈಪ್ಜಿಗ್ ನಗರವು ಅನಿರೀಕ್ಷಿತವಾದ ಉತ್ತರವನ್ನು ಕೊಡಬೇಕಾಯಿತು.

ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ತನ್ನ ಜೀವಿತದ ಕೊನೆಯ ಇಪ್ಪತ್ತೇಳು ವರ್ಷಗಳನ್ನು ಕಳೆದದ್ದು ಆ ನಗರದಲ್ಲಿ. ಅವನ ಹೆಸರಿನ ಸಂಗೀತೋತ್ಸವಕ್ಕೆ ಜಗತ್ತಿನ ನಾನಾ ಭಾಗಗಳಿಂದ ರಸಿಕರು ಬರುವುದು ವಾಡಿಕೆ. 2020ರ ಮಹಾಮಾರಿಯಿಂದಾಗಿ ಆ ವರ್ಷದ ಉತ್ಸವವು ರದ್ದಾಯಿತು. ಆದರೆ ಏಪ್ರಿಲ್ 10ರ ಶುಭ ಶುಕ್ರವಾರದಂದು, ಬಾಖ್‌ನ ಸಮಾಧಿಯಿರುವ ಸಂತ ಥಾಮಸರ ಚರ್ಚಿನಲ್ಲಿ, ಶ್ರೋತೃಗಳಿಲ್ಲದ ಖಾಲಿ ಆಸನಗಳ ಮುಂದೆ, ಅವನ ಒಂದು ಮಹಾಕೃತಿಯನ್ನು ಹಾಡಲಾಯಿತು. ಅದು ಕ್ರಿಸ್ತನ ಯಾತನೆ ಮತ್ತು ಮರಣಗಳನ್ನು ಯೋಹಾನನ ಸುವಾರ್ತೆಯ ಆಧಾರದಿಂದ ನಿರೂಪಿಸುವ ಕೃತಿ; 1724ರ ಶುಭ ಶುಕ್ರವಾರದಂದು ಅದೇ ನಗರದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು. ದೊಡ್ಡ ವಾದ್ಯವೃಂದ ಹಾಗೂ ಗಾಯಕವೃಂದಗಳನ್ನು ಬೇಡುವ ಆ ಕೃತಿಯ ಭಾರವನ್ನು ಅಂದು ಒಬ್ಬ ಗಾಯಕ, ಕೀಲಿಮಣೆಯ ವಾದ್ಯಗಳನ್ನು ನುಡಿಸುವ ಒಬ್ಬಾಕೆ, ತಾಳವಾದ್ಯಗಾರನೊಬ್ಬ, ಹೀಗೆ ಮೂವರು ಹೊತ್ತರು. ಸಮೂಹಗೀತೆಗಳಿಗೆ ಬೆರಳೆಣಿಕೆಯ ಗಾಯಕರು ದೂರ ದೂರ ನಿಂತು ದನಿಗೂಡಿಸಿದರು. ಅಂತರ್ಜಾಲದ ಮೂಲಕ ನೋಡುತ್ತಿದ್ದವರಿಗೂ ತಂತಮ್ಮ ಮನೆಗಳಿಂದಲೇ ಆ ಗೀತೆಗಳನ್ನು ಹಾಡಬೇಕೆಂಬ ಆಹ್ವಾನವಿತ್ತು. ಮರುವರ್ಷ, 2021ರ ಜೂನ್ ತಿಂಗಳಿನಲ್ಲಿ, ಉತ್ಸವದ ಕಚೇರಿಗಳೇ ಅಂತರ್ಜಾಲದಲ್ಲಿ ಪ್ರಸಾರಗೊಂಡವು.

ಈ ಘಟನೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಸಾಧ್ಯ. ಯಂತ್ರದ ಮೂಲಕ ಬಂದ ಸಂಗೀತವು ಸಂಗೀತದ ನೆರಳೇ ಹೊರತು ಸಂಗೀತವಲ್ಲ ಎಂಬುದು ಮೊದಲನೆಯದು. ಎಲ್ಲವೂ ಮನೆಬಾಗಿಲಿಗೆ ಬಂದಿರುವಾಗ ಸಭಾಂಗಣವೇಕೆ, ಗುರುವೇಕೆ, ಶಾಲೆಯಲ್ಲಿ ಸಂಗೀತದ ತರಗತಿಯೇಕೆ ಎಂಬುದು ಎರಡನೆಯದು. ಮೊದಲನೆಯದು ಅರ್ಧಸತ್ಯ, ಎರಡನೆಯದು ಅಪಾಯಕಾರಿ.

ಮೊದಲನೆಯದನ್ನು ಅರ್ಧಸತ್ಯವೆನ್ನಲು ಕಾರಣವಿದೆ. ಹತ್ತಿರದಲ್ಲಿ ಕುಳಿತು ಕೇಳುವ ಸುಖಕ್ಕೆ ಸಮನಾದುದು ಮತ್ತೊಂದಿಲ್ಲ, ನಿಜ. ಆದರೆ ಆ ಸುಖವು ಪ್ರಯಾಣದ ವೆಚ್ಚವನ್ನು ಭರಿಸಬಲ್ಲ ಕೆಲವರಿಗೆ ಮಾತ್ರ ಮೀಸಲಾಗಿತ್ತು. ಬಾಖ್‌ನ ಸಾವಿರಕ್ಕೂ ಮಿಕ್ಕ ರಚನೆಗಳನ್ನು ಒಂದೊಂದಾಗಿ ನುಡಿಸಿ, ಚಿತ್ರೀಕರಿಸಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಕೇಳುವಂತೆ ಒದಗಿಸುವ ಕಾರ್ಯವನ್ನು ನೆದರ್ಲೆಂಡ್ಸಿನ ಬಾಖ್ ಸಂಘವು 2013ರಲ್ಲಿ ಕೈಗೊಂಡಿತು. 1921ರಲ್ಲಿ ಸ್ಥಾಪಿತವಾದ ಸಂಘವೊಂದು ತನ್ನ ಶತಮಾನೋತ್ಸವದ ಸಂಕಲ್ಪವಾಗಿ ಹಿಡಿದ ಕೆಲಸವಿದು. ಹಳ್ಳಿಯ ಬಡ ವಿದ್ಯಾರ್ಥಿಗೂ ಇಂತಹ ಭಂಡಾರವು ತೆರೆದಿರುವುದನ್ನು ಕೇವಲ ನೆರಳೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಎರಡನೆಯ ಅಭಿಪ್ರಾಯದ ಅಪಾಯವು ಸೂಕ್ಷ್ಮವಾದುದು. ಮನೆಯಿಂದಲೇ ಹಾಡಿರೆಂಬ ಆಹ್ವಾನವು ಸಾರ್ಥಕವಾದದ್ದು ಹಾಡಬಲ್ಲವರಿಗೆ ಮಾತ್ರ. ಆ ಗೀತೆಗಳ ಧಾಟಿಯನ್ನು ಅವರು ಆ ದಿನ ತೆರೆಯ ಮುಂದೆ ಕುಳಿತು ಕಲಿತವರಲ್ಲ. ಯಾರೋ ಹಿರಿಯರು, ಯಾವನೋ ಉಪಾಧ್ಯಾಯ, ಯಾವುದೋ ಗಾಯಕವೃಂದ ಅವರ ಕಂಠದಲ್ಲಿ ಅವನ್ನು ಎಂದೋ ನೆಲೆಗೊಳಿಸಿತ್ತು. ಅಂತರ್ಜಾಲವು ದನಿಯನ್ನು ಮುಟ್ಟಿಸಬಲ್ಲದು. ದನಿಗೂಡಿಸುವ ಶಕ್ತಿಯನ್ನು ಕೊಡಲಾರದು. ಆ ಶಕ್ತಿಯು ಬಾಲ್ಯದಲ್ಲಿ, ಮತ್ತೊಬ್ಬ ಮನುಷ್ಯನ ಎದುರಿನಲ್ಲಿ ಕುಳಿತು, ತಪ್ಪಿ, ತಿದ್ದಿಸಿಕೊಂಡು ಪಡೆಯತಕ್ಕದ್ದು.

ಈ ಮಾತಿಗೆ ಬಾಖ್‌ನ ಬಾಳೇ ಸಾಕ್ಷಿ. ಇಂದು ಲೋಕವೇ ಕೊಂಡಾಡುವ ಈ ಮಹಾಪುರುಷನು ಲೈಪ್ಜಿಗ್‌ಗೆ 1723ರಲ್ಲಿ ಬಂದದ್ದು ಒಂದು ಶಾಲೆಯ ಸಂಗೀತೋಪಾಧ್ಯಾಯನಾಗಿ. ಸಂತ ಥಾಮಸರ ಶಾಲೆಯ ಹುಡುಗರಿಗೆ ಹಾಡು ಕಲಿಸುವುದು, ಅವರಿಂದ ನಗರದ ಮುಖ್ಯ ಚರ್ಚುಗಳಲ್ಲಿ ಹಾಡಿಸುವುದು ಅವನ ಕರ್ತವ್ಯ. ಲ್ಯಾಟಿನ್ ಪಾಠದ ಹೊಣೆಯೂ ಅವನ ಪಾಲಿಗೆ ಬಂದಿತ್ತು; ಅದಕ್ಕೆ ಅವನು ತನ್ನ ಕೈಯಿಂದ ಹಣ ತೆತ್ತು ಬೇರೊಬ್ಬರನ್ನು ನೇಮಿಸಿದನು. ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿಯನ್ನು ರಚಿಸಿ, ಆ ಹುಡುಗರಿಗೆ ಅಭ್ಯಾಸ ಮಾಡಿಸಿದನು.

ಅವನಿಗೂ ಅನುಕೂಲತೆಗಳಿರಲಿಲ್ಲ. 1730ರ ಆಗಸ್ಟ್ ತಿಂಗಳಿನಲ್ಲಿ ಅವನು ನಗರಸಭೆಗೆ ಒಂದು ಮನವಿಯನ್ನು ಬರೆದುಕೊಂಡನು. ಅದರಲ್ಲಿ ಶಾಲೆಯ ವಿದ್ಯಾರ್ಥಿಗಳ ಲೆಕ್ಕವಿದೆ: ಉಪಯೋಗಕ್ಕೆ ಬರುವವರು 17 ಮಂದಿ, ಇನ್ನೂ ಪಳಗಬೇಕಾದವರು 20 ಮಂದಿ, ಸಂಗೀತಕ್ಕೆ ಸಲ್ಲದವರು 17 ಮಂದಿ. ನಗರದ ವತಿಯಿಂದ ದೊರೆಯುತ್ತಿದ್ದ ವಾದ್ಯಗಾರರು ಎಂಟೇ ಜನ. ಬೇಕಾದವರು ಅದರ ಇಮ್ಮಡಿಗೂ ಹೆಚ್ಚು. ಪ್ರತಿಭಾವಂತರಾದ ಬಡ ವಿದ್ಯಾರ್ಥಿಗಳಿಗೆ ಸಲ್ಲುತ್ತಿದ್ದ ಸಣ್ಣ ಸಹಾಯಧನವೂ ನಿಂತುಹೋಗಿದೆಯೆಂದು ಅವನು ಅದರಲ್ಲಿ ನೊಂದುಕೊಂಡಿದ್ದಾನೆ. ಮೂರು ಶತಮಾನಗಳಾಗುತ್ತ ಬಂದರೂ ಆ ಮನವಿಯಲ್ಲಿ ಹಳತಾದುದು ಅದರ ದಿನಾಂಕವೊಂದೇ. ಯಾವ ಶಾಲೆಯ ಮುಖ್ಯೋಪಾಧ್ಯಾಯರು ಅದನ್ನು ಓದಿದರೂ ತಮ್ಮ ಕಡತದಿಂದಲೇ ತೆಗೆದ ಕಾಗದವೆಂದು ಭ್ರಮಿಸಬಹುದು!

ದಾನಿಗಳ ಪಾತ್ರವನ್ನು ಕುರಿತು ಮೈಸೂರಿನದೇ ಒಂದು ನಿದರ್ಶನವು ಸ್ಮರಣೀಯವಾಗಿದೆ. ರಷ್ಯದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿ, ವೃದ್ಧಾಪ್ಯದಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಕೃತಿಗಳು ಧ್ವನಿಮುದ್ರಣಗೊಂಡು ಉಳಿಯಲೆಂದು ಶ್ರೀ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸಂಘವನ್ನೇ ಸ್ಥಾಪಿಸಿ ಹಣ ಒದಗಿಸಿದರು. 1951ರಲ್ಲಿ ತೀರಿಕೊಂಡ ಆ ಕಲಾವಿದನ ಬೆರಳುಗಳ ನಾದವು ಇಂದಿಗೂ ಕೇಳಸಿಗುವುದು ಆ ಔದಾರ್ಯದ ಫಲ. ಅಂದಿನ ಗ್ರಾಮಾಫೋನ್ ತಟ್ಟೆಯು ಮಾಡಿದ ಕೆಲಸವನ್ನೇ ಇಂದು ಅಂತರ್ಜಾಲವು ಮಾಡುತ್ತಿದೆ. ಆದರೆ ದೂರದ ಆ ವ್ಯಕ್ತಿಯ ಬೆಲೆಯನ್ನು ಒಡೆಯರು ಅರಿತದ್ದು ಹೇಗೆ? ಅವರು ಸ್ವತಃ ಪಿಯಾನೋ ಕಲಿತವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಕಲಿತ ಕಿವಿಯೇ ದಾನಕ್ಕೂ ದಾರಿ ತೋರಿಸಿತು.

ಇದರಿಂದ ಫಲಿತವಾಗುವ ನೀತಿಯು ಸರಳವಾಗಿದೆ. ಶಾಲೆಗೆ ಕಂಪ್ಯೂಟರುಗಳನ್ನೂ ದೊಡ್ಡ ತೆರೆಗಳನ್ನೂ ಕೊಡುವವರು ಕೊಡಲಿ. ಅದು ಸ್ತುತ್ಯವಾದ ಕಾರ್ಯ. ಆದರೆ ಅವು ಬಂದುವೆಂಬ ಕಾರಣದಿಂದ ಸಂಗೀತೋಪಾಧ್ಯಾಯರ ಸ್ಥಾನವು ತೆರವಾದಾಗ ಅದನ್ನು ತುಂಬದಿರುವುದು, ವೇಳಾಪಟ್ಟಿಯಲ್ಲಿ ಸಂಗೀತದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವುದು, ಹಾರ್ಮೋನಿಯಂ ಬೀರುವಿನಲ್ಲಿ ಧೂಳು ಹಿಡಿಯುವುದು, ಇವು ಮಾತ್ರ ಆಗಕೂಡದು. ಗೋಡೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಕಟ್ಟಡವು ಅನುಕೂಲ. ಉಪಾಧ್ಯಾಯನ ಸಂಬಳಕ್ಕೆ ಹಾಗೆ ಫಲಕ ಹಾಕಲು ಬಾರದು. ಆದರೆ ಬಾಖ್‌ನ ಕಾಲದ ನಗರಸಭಾಸದರ ಹೆಸರುಗಳನ್ನು ಇಂದು ಬಲ್ಲವರು ವಿರಳ. ಅವರು ಸಂಬಳ ಕೊಟ್ಟ ಉಪಾಧ್ಯಾಯನ ಕೃತಿಗಳನ್ನಾದರೋ ಲೋಕವೇ ಹಾಡುತ್ತಿದೆ.

ಖಾಲಿ ಚರ್ಚಿನಲ್ಲಿ ಎದ್ದ ದನಿಯು ಅಂದು ಸಮುದ್ರಗಳನ್ನು ದಾಟಿತು. ಆ ಬದಿಯಲ್ಲಿ ಅದಕ್ಕೆ ಓಗೊಡಲು ಕಲಿತ ಕಂಠಗಳಿದ್ದುದರಿಂದಲೇ ಅದು ಉತ್ಸವವೆನಿಸಿತು. ಅಂತಹ ಕಂಠಗಳನ್ನು ಸಿದ್ಧಗೊಳಿಸುವ ಕೆಲಸವು ಎಂದಿನಂತೆ ಇಂದಿಗೂ ಶಾಲೆಯದೇ ಆಗಿದೆ.