ಹಳೇ ಗಾಡಿ ಅನ್ನೋದು ರೋಗದ ಹೆಸರಲ್ಲ

ಮೊನ್ನೆ ಊರಿಗೆ, ಅಂದ್ರೆ ರೋಣದ ಹತ್ತಿರದ ಜಕ್ಕಲಿಗೆ ಹೋದಾಗ, ಕಾಕಾ ತಮ್ಮ ಹಳೇ ಮಾರುತಿ ೮೦೦ ಮಾರೋಕೆ ಹೊರಟಿದ್ರು. ಬ್ರೇಕ್ ಒತ್ತಿದ್ರೆ ಪಾರ್ಕಿಂಗ್ ಲೈಟ್ ಹತ್ತುತ್ತೆ, ಇಂಡಿಕೇಟರ್ ಹಾಕಿದ್ರೆ ಹಿಂದಿನ ದೀಪಗಳೆಲ್ಲ ಮಿಣಮಿಣ. ಗ್ಯಾರೇಜಿನವರು ಬಲ್ಬು, ಸ್ವಿಚ್ಚು, ಫ್ಲಾಶರ್, ಕೊನೆಗೆ ಬ್ಯಾಟರಿನೂ ಬದಲಿಸಿ "ಹಳೇ ಗಾಡಿ ರೀ, ಹಿಂಗ ಆಗೂದ, ಮಾರಿಬಿಡ್ರಿ" ಅಂದ್ರಂತೆ.

ನನ್ನ ತಕರಾರು ಈ ಮಾತಿನ ಮೇಲೆ. ಈ ಗಾಡಿ ೨೦೧೪ರಲ್ಲೇ ತಯಾರಾಗೋದು ನಿಂತಿರಬಹುದು, ಆದ್ರೆ ಕರೆಂಟಿನ ನಿಯಮ ಬದಲಾಗಿಲ್ಲ. ದೀಪಕ್ಕೆ ಬಂದ ಕರೆಂಟು ಗಾಡಿಯ ತಗಡಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗಬೇಕು. ಅರ್ತಿಂಗ್ ಕೆಟ್ಟರೆ ಪಕ್ಕದ ಬಲ್ಬಿನೊಳಗಿಂದ ಕಳ್ಳದಾರಿ ಹುಡುಕುತ್ತೆ. ದೆವ್ವದ ಕಾಟ ಅಲ್ಲ!

ಬ್ರೇಕ್ ಒತ್ತಿಸಿ, ಹಿಂದಿನ ದೀಪದ ಅರ್ತಿಂಗ್ ವೈರಿಗೂ ಬ್ಯಾಟರಿ ಮೈನಸ್ಸಿಗೂ ಮಲ್ಟಿಮೀಟರ್ ಹಿಡಿದೆ. ಸೊನ್ನೆಯ ಆಸುಪಾಸು ಇರಬೇಕಾದಲ್ಲಿ ೫ ವೋಲ್ಟ್ ಮೇಲೆ! ಡಿಕ್ಕಿಯೊಳಗೆ ಎರೆಮಣ್ಣಿನ ಧೂಳಿನಡಿ ತುಕ್ಕು ಹಿಡಿದ ಒಂದು ಬೋಲ್ಟು. ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದೆ. ಅಷ್ಟೇ.

ಮೆಕ್ಯಾನಿಕ್ಕನ್ನ ಬಯ್ಯೋದು ಸುಲಭ. ಆದ್ರೆ ಅವನು ಒಂದು ತಾಸು ಹುಡುಕಿ ಬೋಲ್ಟು ಉಜ್ಜಿದ್ರೆ "ಇಷ್ಟಕ್ಕ ಎಂಥಾ ರೊಕ್ಕ?" ಅಂತೀವಿ. ಬ್ಯಾಟರಿ ಹಾಕಿದ್ರೆ ಸುಮ್ಮನೆ ಎಣಿಸಿ ಕೊಡ್ತೀವಿ. ವಾರಗಟ್ಟಲೆ ಬಗ್ ಹುಡುಕಿ ಒಂದೇ ಸಾಲು ತಿದ್ದಿ ಪೂರ್ತಿ ಸಂಬಳ ಎಣಿಸೋ ನಾವೇ!

ಹುಡುಕೋದಕ್ಕೆ ದುಡ್ಡು ಕೊಡದಿದ್ರೆ, ಬದಲಿಸೋದಕ್ಕೆ ಹತ್ತುಪಟ್ಟು ಕೊಡಬೇಕಾಗುತ್ತೆ. ಏನಂತೀರಿ?