ಹಿಂಡಿಯಲ್ಲಿ ಉಳಿದ ಎಣ್ಣೆ ಯಾರ ಪಾಲಿಗೆ?

ಖಾದ್ಯ ತೈಲಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ ತಿಂಗಳಲ್ಲಿ ಏರಿಸಿತು. ಎಣ್ಣೆಬೀಜ ಬೆಳೆಯುವ ರೈತನಿಗೆ ಬೆಲೆ ಸಿಗಲಿ ಎಂಬುದು ಅದರ ಉದ್ದೇಶ. ಒಂಬತ್ತು ತಿಂಗಳು ತುಂಬುವ ಮೊದಲೇ, 2025ರ ಮೇ ಕೊನೆಯಲ್ಲಿ, ಸಂಸ್ಕರಿಸದ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಿತು. ಈ ಸಲ ಕೊಳ್ಳುವವರ ಹೊರೆ ಇಳಿಯಬೇಕಾಗಿತ್ತು. ಲಾತೂರಿನ ಸೋಯಾ ಬೆಳೆಗಾರನನ್ನೂ ಪುಣೆಯಲ್ಲಿ ತಿಂಗಳ ದಿನಸಿ ಕೊಳ್ಳುವ ನಮ್ಮನ್ನೂ ಒಂದೇ ಸುಂಕದಿಂದ ಸಂತೈಸುವುದು ಆಗದ ಮಾತು. ವರ್ಷಕ್ಕೆ ಸುಮಾರು 160 ಲಕ್ಷ ಟನ್ ಎಣ್ಣೆಯನ್ನು ಹೊರಗಿನಿಂದ ತರಿಸುವ ದೇಶಕ್ಕೆ ಈ ಇಕ್ಕಟ್ಟು ತಪ್ಪಿದ್ದಲ್ಲ. ಅದಕ್ಕೆ ತಗಲುವ ವೆಚ್ಚ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕದ್ದು.

ಆದುದರಿಂದ ನಮ್ಮಲ್ಲೇ ಉಳಿದುಹೋಗುವ ಎಣ್ಣೆಯ ಕಡೆಗೆ ಈಗ ಗಮನ ಹರಿದಿದೆ. 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಮಂಜೂರಾದ ಎಣ್ಣೆಬೀಜಗಳ ರಾಷ್ಟ್ರೀಯ ಯೋಜನೆಯು ಅಕ್ಕಿಯ ತೌಡು, ಹತ್ತಿಬೀಜ ಮೊದಲಾದವುಗಳಿಂದ ಎಣ್ಣೆ ತೆಗೆಯುವುದನ್ನೂ ಒಳಗೊಂಡಿದೆ. ಇದರ ಜೊತೆಗೆ, ಒತ್ತಡಕ್ಕೆ ಒಳಪಡಿಸಿದ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹಿಂಡಿ-ಸಿಪ್ಪೆಗಳ ಎಣ್ಣೆಯನ್ನೆಲ್ಲ ಹೀರಿ ತೆಗೆಯಬಹುದೆಂಬ ಭರವಸೆಯ ಮಾತೂ ಕೇಳಿಬರುತ್ತಿದೆ. ನಾವು ವಿಜ್ಞಾನ ಓದಿದವರಲ್ಲ. ಆದರೆ ಬ್ಯಾಂಕಿನಲ್ಲಿ ಕುಳಿತು ಬಗೆಬಗೆಯ ಕಾರ್ಖಾನೆಗಳ ಸಾಲದ ಅರ್ಜಿಗಳನ್ನು ನೋಡಿದವರು. ಆ ಕಣ್ಣಿನಿಂದಲೇ ಈ ವಿಷಯವನ್ನು ಪರಿಶೀಲಿಸುವುದು ಉಚಿತವೆನಿಸಿತು.

ಪುಣೆಯ ಅನೇಕ ಬಡಾವಣೆಗಳಲ್ಲಿ ‘ಲಾಕಡಿ ಘಾಣಾ’ ಎಂಬ ಫಲಕಗಳು ಈಗ ಸಾಮಾನ್ಯವಾಗಿವೆ. ನಮ್ಮ ಧಾರವಾಡ, ವಿಜಯಪುರಗಳ ಕಡೆಯ ಮರದ ಗಾಣವೇ ಅದು. ಶೇಂಗಾ, ಕುಸುಬಿ ಎಣ್ಣೆಯ ಪರಿಮಳಕ್ಕೆ ಮನಸೋಲದವರಾರು? ಆದರೆ ಗಾಣವು ಹಿಂಡಿಯಲ್ಲಿ ಬಹಳಷ್ಟು ಎಣ್ಣೆಯನ್ನು ಬಿಟ್ಟುಬಿಡುತ್ತದೆ. ಯಂತ್ರದ ಎಕ್ಸ್‌ಪೆಲ್ಲರ್ ಕೂಡ ನೂರಕ್ಕೆ ಆರರಿಂದ ಎಂಟು ಪಾಲು ಬಿಡುತ್ತದೆ. ಹಿಂದೆ ಅದನ್ನು ನಷ್ಟವೆಂದು ಯಾರೂ ಎಣಿಸುತ್ತಿರಲಿಲ್ಲ. ಗಾಣಿಗರ ಮನೆಯ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಅದು ಮರಳಿ ಬರುತ್ತಿತ್ತು.

ಇಂದಿನ ಕಾರ್ಖಾನೆಗಳು ಆ ಉಳಿಕೆಯನ್ನು ಹೆಕ್ಸೇನ್ ಎಂಬ ಪೆಟ್ರೋಲಿಯಂ ದ್ರಾವಕದಿಂದ ತೊಳೆದು ತೆಗೆಯುತ್ತವೆ. ಹಿಂಡಿಯಲ್ಲಿ ಶೇ. 1ಕ್ಕಿಂತ ಕಡಿಮೆ ಎಣ್ಣೆ ಉಳಿಯುತ್ತದೆ. ಬಳಿಕ ದ್ರಾವಕವನ್ನು ಕಾಯಿಸಿ ಆವಿಯಾಗಿಸಿ ಮರಳಿ ಪಡೆಯುತ್ತಾರೆ. ನಮ್ಮ ದೇಶದ ನಿಯಮದಂತೆ, ಮಾರುವ ಎಣ್ಣೆಯ ಒಂದು ಕಿಲೋದಲ್ಲಿ 5 ಮಿಲಿಗ್ರಾಂಗಿಂತ ಹೆಚ್ಚು ಹೆಕ್ಸೇನ್ ಇರಕೂಡದು. ಸಂಸ್ಕರಿಸಿದ ಎಣ್ಣೆಯೆಲ್ಲ ವಿಷವೆಂದು ಮೊಬೈಲಿನಲ್ಲಿ ಸುತ್ತುವ ಸಂದೇಶಗಳನ್ನು ನಾವು ಒಪ್ಪುವುದಿಲ್ಲ. ಅಪಾಯವಿರುವುದು ಹೆಚ್ಚಾಗಿ ಕಾರ್ಖಾನೆಯ ಒಳಗೆ. ಆ ಆವಿಯನ್ನು ಬಹುಕಾಲ ಉಸಿರಾಡಿದ ಕೆಲಸಗಾರನ ನರಗಳಿಗೆ ಹಾನಿಯಾಗುತ್ತದೆ, ಕಿಡಿ ತಾಗಿದರೆ ಸ್ಫೋಟವಾಗುತ್ತದೆ. 1981ರ ಫೆಬ್ರವರಿಯಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಸೋಯಾ ಕಾರ್ಖಾನೆಯೊಂದರ ಹೆಕ್ಸೇನ್ ಚರಂಡಿಗೆ ಸೋರಿ, ಮೈಲಿಗಟ್ಟಲೆ ಒಳಚರಂಡಿ ಸಿಡಿದು ಬೀದಿಗಳೇ ಕುಸಿದಿದ್ದವು.

ಇಂಗಾಲದ ಡೈಆಕ್ಸೈಡ್ ವಿಧಾನದಲ್ಲಿ ಈ ಭಯವಿಲ್ಲ. ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳಿಸುವ ಆ ಅನಿಲವನ್ನು 31 ಡಿಗ್ರಿ ಉಷ್ಣತೆಯ ಮೇಲೆ, ಹೊರಗಿನ ಗಾಳಿಯ 73 ಪಟ್ಟಿಗಿಂತ ಹೆಚ್ಚು ಒತ್ತಡದಲ್ಲಿ ಇಟ್ಟರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಆಗ ಅನಿಲದಂತೆ ಸಂದುಗೊಂದುಗಳಿಗೆ ನುಗ್ಗಿ, ದ್ರವದಂತೆ ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದೊಡನೆ ಎಣ್ಣೆ ಬೇರೆಯಾಗುತ್ತದೆ. ಅನಿಲವನ್ನು ಹಿಡಿದು ಮತ್ತೆ ಬಳಸಬಹುದು, ದ್ರಾವಕದ ಶೇಷವೂ ಉಳಿಯುವುದಿಲ್ಲ. 1960ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ಕುರ್ಟ್ ಝೋಸೆಲ್ ಈ ಗುಣವನ್ನು ಗುರುತಿಸಿ ಕಾಫಿಬೀಜದಿಂದ ಕೆಫೀನ್ ತೆಗೆಯುವ ಮಾರ್ಗ ರೂಪಿಸಿದರು. ನಮ್ಮಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ. ಹಾಗೂ ಮುಂಬಯಿಯ ಐ.ಐ.ಟಿ.ಗಳಲ್ಲಿ ಇದರ ಮೇಲೆ ಸಂಶೋಧನೆ ನಡೆದಿದೆ. ಐ.ಐ.ಟಿ.ಯ ಪ್ರಾಧ್ಯಾಪಕಿ ಮಮತಾ ಮುಖೋಪಾಧ್ಯಾಯ ಅವರ ಈ ವಿಷಯದ ಗ್ರಂಥ 2000ರಲ್ಲೇ ಪ್ರಕಟವಾಗಿದೆ.

ಹಾಗಿದ್ದರೂ ಈ ಎಣ್ಣೆ ನಮ್ಮ ಒಗ್ಗರಣೆಗೆ ಏಕೆ ಬಂದಿಲ್ಲ? ಉತ್ತರ ರಸಾಯನಶಾಸ್ತ್ರದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಮನೆಯ ಪ್ರೆಷರ್ ಕುಕ್ಕರ್‌ನೊಳಗಿನ ಒತ್ತಡ ಹೊರಗಿನ ಗಾಳಿಯ ಸುಮಾರು ಎರಡರಷ್ಟು. ಅಡುಗೆ ಎಣ್ಣೆಯನ್ನು ಕರಗಿಸಲು ಬೇಕಾಗುವುದು ಮುನ್ನೂರರಷ್ಟು, ಕೆಲವೊಮ್ಮೆ ಅದಕ್ಕೂ ಮೇಲೆ. ಅದನ್ನು ತಾಳುವ ದಪ್ಪ ಉಕ್ಕಿನ ಪಾತ್ರೆ, ಪಂಪು, ಕವಾಟಗಳ ಬೆಲೆ ಸಾಮಾನ್ಯವಲ್ಲ. ಇಷ್ಟಾದರೂ ಒಂದು ಕಿಲೋ ಎಣ್ಣೆಗಾಗಿ ಹತ್ತಾರು ಕಿಲೋ ಅನಿಲವನ್ನು ಸುತ್ತಿಸಬೇಕು. ಹೆಕ್ಸೇನ್ ಕಾರ್ಖಾನೆಯಲ್ಲಿ ಹಿಂಡಿ ಹಗಲಿರುಳು ಹೊಳೆಯಂತೆ ಹರಿಯುತ್ತದೆ. ಇಲ್ಲಿಯಾದರೋ ಪಾತ್ರೆಯನ್ನು ತುಂಬಿ, ಮುಚ್ಚಿ, ಒತ್ತಡ ಏರಿಸಿ, ಇಳಿಸಿ, ತೆರೆದು ಬರಿದುಮಾಡಬೇಕು. ಬಡ್ಡಿ ಮಾತ್ರ ಪಾತ್ರೆ ಬರಿದಾಗಿರುವ ಹೊತ್ತಿನಲ್ಲೂ ಓಡುತ್ತಿರುತ್ತದೆ. ಕಿಲೋಗೆ ನೂರಿನ್ನೂರು ರೂಪಾಯಿಗೆ ಮಾರುವ ಎಣ್ಣೆಯಿಂದ ಅಂಥ ಕಂತು ತೀರಲಾರದು. ಅಡುಗೆ ಎಣ್ಣೆಯ ಹೆಸರಿನಲ್ಲಿ ಇಂಥ ಅರ್ಜಿ ಬಂದರೆ ನಾವು ಶಿಫಾರಸು ಮಾಡುವುದಿಲ್ಲ.

ತೌಡಿನ ವಿಷಯವನ್ನೇ ನೋಡಿ. ಅದರಲ್ಲಿ ಶೇ. 15ರಿಂದ 20ರಷ್ಟು ಎಣ್ಣೆಯಿದೆ. ಆದರೆ ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದಲೇ ತೌಡಿನಲ್ಲಿರುವ ಕಿಣ್ವವು ಎಣ್ಣೆಯನ್ನು ಒಡೆಯತೊಡಗುತ್ತದೆ. ಒಂದು ದಿನ ತಡೆದರೂ ಎಣ್ಣೆ ಹುಳಿಯುತ್ತದೆ, ಅನಂತರ ಅದು ಸಾಬೂನಿಗೆ ಮಾತ್ರ ಯೋಗ್ಯ. ಸಿಂಧನೂರು, ಗಂಗಾವತಿಗಳ ದೊಡ್ಡ ಗಿರಣಿಗಳಿಂದ ತೌಡನ್ನು ಹೊತ್ತಿಗೆ ಸರಿಯಾಗಿ ಸಾಗಿಸಬಹುದು. ಹಳ್ಳಿಯ ಸಣ್ಣ ಹಲ್ಲರ್‌ಗಳಲ್ಲಿ ತೌಡು ಹೊಟ್ಟಿನೊಡನೆ ಬೆರೆತು ಎಣ್ಣೆಯ ಅಂಶವೇ ಕುಗ್ಗುತ್ತದೆ. ಇಲ್ಲಿ ಬೇಕಾದುದು ಗಿರಣಿಯಲ್ಲೇ ತೌಡನ್ನು ಬಿಸಿ ಮಾಡಿ ಕಿಣ್ವವನ್ನು ಅಡಗಿಸುವ ಸಾಧಾರಣ ಯಂತ್ರ, ಮತ್ತು ಹೊತ್ತಿಗೆ ಬರುವ ಲಾರಿ. ಇನ್ನೊಂದು ತೊಡಕನ್ನು ಸರ್ಕಾರವೇ ಒಡ್ಡಿತ್ತು. ಎಣ್ಣೆ ತೆಗೆದ ತೌಡಿನ ರಫ್ತನ್ನು 2023ರ ಜುಲೈನಲ್ಲಿ ನಿಷೇಧಿಸಿ, 2025ರ ಅಕ್ಟೋಬರ್‌ನಲ್ಲಿ ತೆರವುಗೊಳಿಸಿತು. ಪಶು ಆಹಾರ ಅಗ್ಗವಾಗಲೆಂಬ ಆಶಯ ಸರಿಯೇ, ಆದರೆ ಉಳಿಕೆಗೆ ಮಾರುಕಟ್ಟೆ ಮುಚ್ಚಿದರೆ ಎಣ್ಣೆ ತೆಗೆಯುವವನ ಆದಾಯವೂ ಮುರಿಯುತ್ತದೆ.

ಅನಿಲದ ವಿಧಾನಕ್ಕೆ ತಕ್ಕ ನೆಲ ಬೇರೆಯೇ ಇದೆ, ಅದು ನಮ್ಮ ಪುಣೆಯ ಸುತ್ತಲೇ ಇದೆ. ನಾಸಿಕದ ದ್ರಾಕ್ಷಾರಸದ ಕಾರ್ಖಾನೆಗಳಲ್ಲಿ ರಸ ಹಿಂಡಿದ ಮೇಲೆ ಸಿಪ್ಪೆ-ಬೀಜದ ರಾಶಿ ಉಳಿಯುತ್ತದೆ. ದ್ರಾಕ್ಷಿ ಬೀಜದಲ್ಲಿ ನೂರಕ್ಕೆ ಹತ್ತು ಪಾಲು, ಕೆಲವು ತಳಿಗಳಲ್ಲಿ ಇನ್ನೂ ಹೆಚ್ಚು, ಎಣ್ಣೆಯಿದೆ. ಸೊಲ್ಲಾಪುರದ ದಾಳಿಂಬೆಯ ರಸ ತೆಗೆದರೆ ಉಳಿಯುವ ಬೀಜದಲ್ಲಿ ಪ್ಯೂನಿಸಿಕ್ ಆಮ್ಲವುಳ್ಳ ವಿಶಿಷ್ಟ ಎಣ್ಣೆಯಿದೆ. ಇವು ಮಾರಾಟವಾಗುವುದು ಡಬ್ಬಿಗಳಲ್ಲಲ್ಲ, ಸೌಂದರ್ಯ ಸಾಧನದ ಅಂಗಡಿಯ ಪುಟ್ಟ ಶೀಶೆಗಳಲ್ಲಿ. ಅಲ್ಲಿ ಶುದ್ಧತೆಗೆ ಬೆಲೆಯುಂಟು, ಹೆಕ್ಸೇನ್ ಇಲ್ಲವೆಂಬ ಮಾತಿಗೂ ಬೆಲೆಯುಂಟು. ಸಂಶೋಧನೆಯ ಆಸರೆಯೂ ದೂರವಿಲ್ಲ: ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇಲ್ಲಿಯ ಮಾಂಜರಿಯಲ್ಲಿದೆ, ದಾಳಿಂಬೆಯದು ಸೊಲ್ಲಾಪುರದಲ್ಲಿದೆ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಪಾಷಾಣದಲ್ಲಿದೆ.

ಆದರೆ ಲಾಭ ಯಾರ ಖಾತೆಗೆ ಜಮೆಯಾಗುತ್ತದೆ? ಭತ್ತ ಮಾರುವ ರೈತನಿಗೆ ತೌಡಿನ ಬೆಲೆ ಬೇರೆಯಾಗಿ ಸಿಗುವುದಿಲ್ಲ, ಅದು ಗಿರಣಿಯವನದು. ಹಣ್ಣನ್ನು ತೂಕದ ಮೇಲೆ ಮಾರುವ ದಾಳಿಂಬೆ ಬೆಳೆಗಾರನಿಗೂ ಬೀಜದೊಳಗಿನ ಎಣ್ಣೆಯ ಪಾಲು ದಕ್ಕದು. ಒಬ್ಬೊಬ್ಬ ಉದ್ಯಮಿಗೆ ಒಂದೊಂದು ಸ್ಥಾವರ ಎನ್ನುವುದಕ್ಕಿಂತ, ರೈತ ಉತ್ಪಾದಕ ಕಂಪನಿಗಳ ಒಕ್ಕೂಟವೊಂದು ಬೀಜ ಒಣಗಿಸಿ ಕೂಡಿಟ್ಟು, ಹಂಗಾಮಿನಲ್ಲಿ ದ್ರಾಕ್ಷಿ, ಅನಂತರ ದಾಳಿಂಬೆ, ಉಳಿದ ತಿಂಗಳುಗಳಲ್ಲಿ ಶುಂಠಿ, ಮೆಣಸು ಮುಂತಾದ ಮಸಾಲೆಗಳನ್ನು ಕೂಲಿಗೆ ಸಂಸ್ಕರಿಸಿಕೊಡುವ ಒಂದೇ ಸ್ಥಾವರವನ್ನು ನಡೆಸಿದರೆ ಅದು ವರ್ಷವಿಡೀ ದುಡಿಯುತ್ತದೆ, ಕಂತೂ ತೀರುತ್ತದೆ. ಇಂಥ ಅರ್ಜಿಯೊಂದು ಮೇಜಿಗೆ ಬಂದರೆ ನಾವು ಮೊದಲು ತೆರೆದು ನೋಡುವುದು ಯಂತ್ರದ ವಿವರಪಟ್ಟಿಯನ್ನಲ್ಲ, ಬೀಜ ಕೊಡುವವರೊಡನೆ ಮಾಡಿಕೊಂಡ ಬೆಲೆಯ ಒಪ್ಪಂದವನ್ನು.